ಮೋತಿ ಸತ್ತದ್ದು ನೀರು ಕುಡಿದು ಅಲ್ಲ

ಮೋತಿಯನ್ನು ಕೊಂದವನು ನಾನು. ಬಸಣ್ಣ ಅಲ್ಲ. ಆರು ವರ್ಷ ಅವನು ತನ್ನ ಕೈಯನ್ನೇ ಹಳಿದುಕೊಳ್ಳುತ್ತ ಬಂದ. ನಾನು ಅವನ ಎದುರಿಗೇ ಕೂತು, ಅವನ ಮನೆಯ ಚಹಾ ಕುಡಿಯುತ್ತ, ಅದನ್ನೆಲ್ಲ ಕೇಳಿಸಿಕೊಳ್ಳುತ್ತ ಬಂದೆ. ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬರೆಯಲು ಕೂತಿದ್ದೇನೆ.

ಬಸಣ್ಣ ನನ್ನ ಶಾಲೆಯ ಗೆಳೆಯ. ಕಮಲಾಪುರದಲ್ಲಿ ಅವನದು ಕೆಂಪು ಬಾಳೆಯ ತೋಟ. ನನ್ನದು ಕಲಬುರಗಿಯಲ್ಲಿ ಕಚೇರಿ ನೌಕರಿ, ಕುಸನೂರಿನಲ್ಲಿ ಮನೆ. ಮೋತಿ ಅವನು ಸಾಕಿದ ಬೇಟೆ ನಾಯಿ — ಉದ್ದ ಕಾಲು, ಒಣಕಲು ಹೊಟ್ಟೆ, ಬಸಣ್ಣ ಶಿಳ್ಳೆ ಹಾಕಿದರೆ ಎಲ್ಲಿದ್ದರೂ ನಿಲ್ಲುವ ಪ್ರಾಣಿ. ತೊಗರಿ ರಾಶಿ ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ಮಹಾಗಾಂವದ ಕಡೆ ಹೊಲಗಳಿಗೆ ಕೌಜುಗದ ಬೇಟೆಗೆ ಹೋಗುತ್ತಿದ್ದೆವು. ನಾವು ಬದುವಿಗೆ ಬಲೆ ಕಟ್ಟುವುದು, ಮೋತಿ ಪೊದೆಯೊಳಗೆ ನುಗ್ಗಿ ಹಕ್ಕಿಗಳನ್ನು ಬಲೆಯತ್ತ ಎಬ್ಬಿಸುವುದು.

ಇದು ಕಾನೂನಿಗೆ ವಿರುದ್ಧವೆಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ನಮ್ಮಲ್ಲೊಂದು ಕಟ್ಟಳೆ ಇತ್ತು — ಹಕ್ಕಿ ಮತ್ತು ನಾಯಿ ಒಂದೇ ಗಾಡಿಯಲ್ಲಿ ಬರಕೂಡದು. ಹಕ್ಕಿಯ ಚೀಲ, ಬಲೆ ಬಸಣ್ಣನ ಬೈಕಿನ ಮೇಲೆ ಹೊಲದ ದಾರಿಯಲ್ಲಿ. ನಾಯಿ ನನ್ನೊಂದಿಗೆ ಡಾಂಬರು ರಸ್ತೆಯಲ್ಲಿ. ಅರಣ್ಯ ಇಲಾಖೆಯವರು ಹಿಡಿದರೂ ಬರೀ ನಾಯಿ ಸಿಕ್ಕರೆ ಏನು ಮಾಡಿಯಾರು ಎಂಬ ಲೆಕ್ಕ ನಮ್ಮದು.

ಹಾಗಾಗಿ ನಾಯಿಗೊಂದು ಗಾಡಿ ಬೇಕಾಯಿತು. ಹೇಗೂ ನಾನು ಕೊಳ್ಳುವವನಿದ್ದೆ. ಇಬ್ಬರೂ ರಿಂಗ್ ರೋಡಿನಲ್ಲಿ ಹಳೆ ಗಾಡಿ ಮಾರುವವನ ಹತ್ತಿರ ಹೋದೆವು. ಬಸಣ್ಣ ಒಂದು ಪಿಕಪ್ಪಿನ ಸುತ್ತ ಎರಡು ಸಲ ತಿರುಗಿ ಬಂದ — ಹಿಂದೆ ತೆರೆದದ್ದು, ಸುತ್ತ ಕಬ್ಬಿಣದ ಜಾಳಿ.

‘ಇದೇ ಇರ್ಲಿ ಮಾರಾಯ. ಓಡಿ ಬಂದ ನಾಯಿ ಮೈ ಕುದೀತಿರ್ತದ. ಅದಕ್ಕ ಗಾಳಿ ಬೇಕು.’

ನನಗೆ ಬೇಕಾದದ್ದು ಬೇರೆ. ಸೋಮವಾರ ಇದೇ ಗಾಡಿಯಲ್ಲಿ ಜಗತ್ ಸರ್ಕಲ್ ದಾಟಿ ಕಚೇರಿಗೆ ಹೋಗಬೇಕಲ್ಲ — ಪಿಕಪ್ಪಿನಲ್ಲಿ? ನಾಲ್ಕು ಜನ ನೋಡಿ ನಕ್ಕರೆ? ಪಕ್ಕದಲ್ಲಿದ್ದ ಬಿಳಿ ಜೀಪು ನನ್ನ ಕಣ್ಣಿಗೆ ಬಿದ್ದಿತ್ತು. ಎಲ್ಲ ಕಡೆ ಮುಚ್ಚಿದ್ದು, ಕಪ್ಪು ಗಾಜಿನದು. ಒಳಗೆ ನಾಯಿ ಇದೆಯೆಂದು ಯಾರಿಗೂ ಕಾಣುವುದಿಲ್ಲ ಎಂದು ವಾದಿಸಿ ಅದನ್ನೇ ಕೊಂಡೆ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ನಾಯಿಯ ವಾಸನೆ ಮುಂದಿನ ಸೀಟಿಗೆ ಬರಬಾರದೆಂದು ಹಿಂದಿನ ಸೀಟು ತೆಗೆಸಿ, ನಡುವೆ ಅಡ್ಡಗೋಡೆ ಹಾಕಿಸಲು ಹೋದೆ. ಮೆಕ್ಯಾನಿಕ್ ಹೇಳಿದ — ‘ಸಾಬ್, ಪೂರಾ ಪತ್ರಾ ಹಾಕಿದ್ರ ಹಿಂದ ಹವಾ ಹೋಗಂಗಿಲ್ರೀ. ಜಾಳಿ ಹಾಕ್ತೀನಿ.’ ಬೇಡ, ತಗಡಿನ ಪತ್ರಾನೇ ಹಾಕು ಎಂದೆ. ಮರುದಿನ ಬಸಣ್ಣ ಒಳಗೆ ತಲೆ ಹಾಕಿ ನೋಡಿ, ‘ಹಿಂದ ಎ.ಸಿ. ಬರ್ತದೇನು?’ ಎಂದು ಕೇಳಿದ. ‘ಬರ್ತದ’ ಎಂದೆ. ಅವನು ನಂಬಿದ. ಗಾಡಿಯ ವಿಷಯದಲ್ಲಿ ನನ್ನ ಮಾತೇ ಅವನಿಗೆ ಕೊನೆಯ ಮಾತು.

ಚಳಿಗಾಲ ಮುಗಿಯುವವರೆಗೆ ಏನೂ ಆಗಲಿಲ್ಲ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಶಿವರಾತ್ರಿ ದಾಟಿದರೆ ಒಂಬತ್ತಕ್ಕೇ ನೆತ್ತಿ ಸುಡುತ್ತದೆ. ಅಂಥದೊಂದು ಭಾನುವಾರ ಬೇಟೆ ಮುಗಿಸಿ ಮೋತಿಯನ್ನು ಹಿಂದೆ ಹತ್ತಿಸಿಕೊಂಡು ಹೊರಟೆ. ಕಮಲಾಪುರ ಇನ್ನೇನು ಬಂತು ಎನ್ನುವಾಗ ಅರಣ್ಯದವರ ಜೀಪು ರಸ್ತೆ ಬದಿಗೆ ನಿಂತದ್ದು ಕಂಡಿತು. ಮೋತಿಯ ಮೂತಿಗೆ ಪುಕ್ಕ ಅಂಟಿದ್ದು ನೆನಪಾಯಿತು. ಒಂದು ಚಹಾದ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಅವರು ಹೋಗಲೆಂದು ಗಾಡಿಯೊಳಗೇ ಕಾದೆ. ಅರ್ಧ ತಾಸಿಗಿಂತ ಹೆಚ್ಚೇ ಆಯಿತು. ಮುಂದೆ ನನ್ನ ಮುಖಕ್ಕೆ ಎ.ಸಿ. ತಣ್ಣಗೆ ಬೀಸುತ್ತಿತ್ತು.

ಬಸಣ್ಣನ ಮನೆಯ ಮುಂದೆ ಹಿಂದಿನ ಬಾಗಿಲು ತೆಗೆದಾಗ ಮೋತಿ ಸತ್ತಿತ್ತು. ಅವನು ಅದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ನೆಲಕ್ಕೇ ಕೂತುಬಿಟ್ಟ. ಅದರ ಮೂತಿ ಒರೆಸುತ್ತ ಕೇಳಿದ — ‘ಹೊಲದಾಗ ಓಡಿ ಬಂದ ಕೂಡ್ಲೇ ನಾನೇ ಹೊಟ್ಟಿ ತುಂಬ ನೀರ ಕುಡಿಸಿದೆ. ಕಾದ ಮೈಗಿ ನೀರ ಕುಡಿಸಬಾರ್ದಿತ್ತು. ಅದಕ್ಕೇ ಆಗ್ಯದ, ಹೌದಲ್ಲ?’

ನಾನು ಅಂದೆ — ‘ಇರಬೇಕು.’

ಇಷ್ಟೇ ಮಾತು. ಅವನೇ ಕೇಳಿದ, ನಾನು ಹೂಂಗುಟ್ಟಿದೆ — ಇದನ್ನು ಸುಳ್ಳು ಎನ್ನಲಾದೀತೇ ಎಂದು ಎಷ್ಟೋ ದಿನ ನನ್ನೊಳಗೇ ವಕೀಲಿ ಮಾಡಿದ್ದೇನೆ. ಸುಳ್ಳೇ. ಅವನು ಬಲೆ ಸುಟ್ಟ. ನಾನು ಜೀಪು ಮಾರಿದೆ. ಆದರೆ ಅಂದಿನಿಂದ ಅವನು ತನ್ನ ಎತ್ತುಗಳಿಗೂ ತಾನೇ ನೀರು ಕುಡಿಸುವುದಿಲ್ಲ, ಹೆಂಡತಿಯನ್ನು ಕರೆಯುತ್ತಾನೆ.

ಹೋದ ತಿಂಗಳು ಫೋನ್ ಮಾಡಿದ. ಬಾಳೆಗೊನೆ ಸಾಗಿಸಲು ಗಾಡಿ ಬೇಕು, ನೀ ಬಂದು ನೋಡಿ ಹೇಳು ಎಂದ. ಹೋದೆ. ಅಂಗಳದಲ್ಲಿ ಅವನ ಮಗಳು ಕಾವೇರಿ ನಾಯಿಮರಿಯೊಂದನ್ನು ಎದೆಗೆ ಅವಚಿ ನಿಂತಿದ್ದಳು. ಗೆಳತಿಯ ಮನೆಯಿಂದ ತಂದಿದ್ದಳಂತೆ. ‘ಕೊಟ್ಟ ಬಾರವ್ವ,’ ಎನ್ನುತ್ತಿದ್ದ ಅವನು. ‘ನನ್ನ ಕೈ ಚಲೋ ಇಲ್ಲ.’ ಹುಡುಗಿ ಮುಖ ತಗ್ಗಿಸಿಕೊಂಡು ಮರಿಯೊಂದಿಗೆ ಹೊರಗೆ ಹೋದಳು. ಆಗ — ಇನ್ನು ಒಂದು ದಿನವೂ ಇಲ್ಲ ಎನಿಸಿತು. ಗಾಡಿ ನೋಡಲು ಎದ್ದವನನ್ನು ಕೈ ಹಿಡಿದು ಕೂರಿಸಿ ಎಲ್ಲ ಹೇಳಿದೆ. ಪತ್ರಾ, ಎ.ಸಿ., ಹೋಟೆಲಿನ ಮುಂದೆ ಕಾದದ್ದು, ‘ಇರಬೇಕು’ ಎಂದದ್ದು.

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಒಂದು ಮಾತು ಕೇಳಿದ.

‘ಅಷ್ಟೊತ್ತು... ಅದು ಸಪ್ಪಳ ಮಾಡ್ಲಿಲ್ಲೇನು?’

ಇಲ್ಲ ಎನ್ನಬಹುದಿತ್ತು. ಸುಮ್ಮನೆ ಮಲಗಿತ್ತು ಎಂದಿದ್ದರೆ ಅವನಿಗೂ ಹಗುರವಾಗುತ್ತಿತ್ತು, ನನಗೂ. ಆದರೆ ಇದನ್ನೂ ಮುಚ್ಚಿಟ್ಟರೆ ನಾನು ಹೇಳಿದ್ದೆಲ್ಲ ದಂಡ.

‘ಮಾಡಿತ್ತು. ಪತ್ರಾ ಪರಚಾಕತ್ತಿತ್ತು. ಹೋಟೆಲಿನ ಮಂದಿಗಿ ಕೇಳಬಾರ್ದಂತ ನಾ ರೇಡಿಯೋ ದೊಡ್ಡದು ಮಾಡಿದೆ.’

ಬಸಣ್ಣ ಎದ್ದ. ನನ್ನ ಕಡೆ ನೋಡದೆ ಬಾಗಿಲಿಗೆ ಹೋಗಿ, ದಾರಿಯಲ್ಲಿ ದೂರ ಹೋಗಿದ್ದ ಮಗಳನ್ನು ಕೂಗಿದ — ‘ಕಾವೇರಿ, ಮರಿ ತಗೊಂಡ ಬಾ. ಇಲ್ಲೇ ಇರ್ಲಿ.’ ಆಮೇಲೆ ನನಗೆ ಹೇಳಿದ, ‘ಗಾಡಿ ನಾನೇ ನೋಡ್ಕೋತೀನಿ. ನೀ ನಡಿ.’

ನಾನು ಬಸ್ಸು ಹಿಡಿದು ಕಲಬುರಗಿಗೆ ಬಂದೆ. ಅವನು ಮತ್ತೆ ಫೋನ್ ಮಾಡಿಲ್ಲ. ಮಾಡು ಎಂದು ನಾನೂ ಕೇಳುವುದಿಲ್ಲ.