ಸರ್ವಿಸ್ ಹೊಡೆದು ಕೂರುವವನು

ಅಮೆರಿಕದವರ ಫುಟ್‌ಬಾಲಿನಲ್ಲಿ ಆಟ ಶುರುವಾಗುವಾಗ ಚೆಂಡನ್ನು ದೂರಕ್ಕೆ ಒದ್ದು, ಹೊರಗೆ ಬಂದು ಕೂರುವುದಕ್ಕೆಂದೇ ಒಬ್ಬನನ್ನು ಸಾಕುತ್ತಾರಂತೆ. ಇದನ್ನು ಟಿವಿಯಲ್ಲಿ ನೋಡಿದ ನನ್ನ ಮಗ, ಅಷ್ಟಕ್ಕೇ ಒಬ್ಬ ಮನುಷ್ಯ ಬೇಕೇ ಎಂದು ನಕ್ಕ. ನಾನು ನಗಲಿಲ್ಲ. ನಾನೂ ಅದೇ ಪಂಗಡದವನು. ನಮ್ಮ ವಾಲಿಬಾಲ್ ತಂಡದಲ್ಲಿ ಸರ್ವಿಸ್ ಹೊಡೆಯುವುದೊಂದನ್ನು ಬಿಟ್ಟು ನನಗೆ ಮತ್ತೇನೂ ಬರುತ್ತಿರಲಿಲ್ಲ. ಹಾರಿದರೂ ನನ್ನ ಬೆರಳು ನೆಟ್ಟಿನ ಮೇಲಿನ ಪಟ್ಟಿಗೆ ಮುಟ್ಟುತ್ತಿರಲಿಲ್ಲ. ಚೆಂಡು ನನ್ನ ಕಡೆ ಬಂದರೆ ಅದಕ್ಕೆ ಗೌರವದಿಂದ ದಾರಿ ಬಿಡುತ್ತಿದ್ದೆ.

ಕೊಪ್ಪಳ ಜಿಲ್ಲೆಯಾದ ಹೊಸತು. ಕಾರಟಗಿಯ ರೈಸ್ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದೆ. ಭತ್ತ ಒಣಗಿಸುವ ಸಿಮೆಂಟಿನ ಕಣವೇ ಸಂಜೆ ನಮ್ಮ ಮೈದಾನ. ಗೆರೆಯ ಹಿಂದೆಯೇ ಗೋಡೆ. ಕೈ ಬೀಸಿ ತಲೆಯ ಮೇಲಿಂದ ಹೊಡೆಯಲು ಹೋದವರೆಲ್ಲ ಮೊಣಕೈ ತರಚಿಕೊಂಡರು. ನಾನು ಸೊಂಟದ ಕೆಳಗಿಂದ ಮುಷ್ಟಿಯಲ್ಲಿ ಎತ್ತಿ ಹೊಡೆಯುವುದನ್ನು ರೂಢಿಸಿಕೊಂಡೆ. ಚೆಂಡು ಮಿಲ್ಲಿನ ಚಿಮಣಿಯ ಎತ್ತರಕ್ಕೆ ಹೋಗಿ, ಊರೆಲ್ಲ ನೋಡಿಕೊಂಡು, ನಿಧಾನವಾಗಿ ಎದುರಿನವರ ಅಂಗಳಕ್ಕೆ ಇಳಿಯುತ್ತಿತ್ತು. ಆಮೇಲೆ ಗೋಡೆಯಿಲ್ಲದ ಮೈದಾನದಲ್ಲೂ ನನಗೆ ಬೇರೆ ರೀತಿ ಬರಲೇ ಇಲ್ಲ.

ನಮ್ಮ ಮಿಲ್ಲಿನಲ್ಲಿ ಒಬ್ಬ ಹಿರಿಯರಿದ್ದರು. ಭತ್ತದ ಕಾಳು ಕಚ್ಚಿ, ಅದರಲ್ಲಿ ತೇವ ಎಷ್ಟಿದೆ ಎಂದು ಹೇಳುವುದಷ್ಟೇ ಅವರ ಕೆಲಸ. ಒಂದು ದಿನವೂ ಚೀಲ ಎತ್ತಿದವರಲ್ಲ. ಆದರೆ ಅವರು ಕಚ್ಚುವ ತನಕ ಲಾರಿಯ ಹಗ್ಗ ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ನೀವೇ ಹೇಳಿ, ಅವರ ಹಲ್ಲಿಗಿದ್ದ ಮರ್ಯಾದೆ ನನ್ನ ಮುಷ್ಟಿಗೇಕೆ ಬೇಡ?

ತಾವರಗೇರಾದಲ್ಲಿ ಪಂದ್ಯಾವಳಿ ನಡೆಯುವುದಿತ್ತು. ನಮ್ಮ ಕ್ಯಾಪ್ಟನ್, ಟೇಲರ್ ಖಾದರಸಾಬರು, ಹತ್ತು ಜನರ ಪಟ್ಟಿಯಲ್ಲಿ ಕೊನೆಗೆ ನನ್ನ ಹೆಸರು ಬರೆದರು. ಸ್ಮ್ಯಾಶ್ ಹೊಡೆಯುವ ಶರಣಪ್ಪ ಮುಖ ಗಂಟಿಕ್ಕಿದ. ನೆಟ್ ಮುಟ್ಟಲಾರದವನ ಬದಲು ತನ್ನ ತಮ್ಮ ಬರಲಿ ಎಂಬುದು ಅವನ ವಾದ. "ಇದೊಂದ ಸಲ ನೋಡೂಣು, ಆಗಲಿಲ್ಲಂದ್ರ ತೆಗೆದ್ರಾತು" ಎಂದು ಖಾದರಸಾಬರು ಸಮಾಧಾನ ಹೇಳಿದರು. ತಂಡದಲ್ಲಿ ನನ್ನ ಜಾಗ ಉಳಿಯುವುದು ಆ ಒಂದು ದಿನದ ಮೇಲೆ ನಿಂತಿತು.

ತಾವರಗೇರಾದ ಮೈದಾನ ಬಟಾಬಯಲು. ಮಧ್ಯಾಹ್ನದ ಆಟಗಳಲ್ಲಿ ನನ್ನ ಚೆಂಡು ನೇರ ಸೂರ್ಯನೊಳಗೆ ಹೊಕ್ಕು ಮಾಯವಾಗುತ್ತಿತ್ತು. ಎದುರಿನವರು ಕಣ್ಣಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವರ ಬೆನ್ನ ಹಿಂದೆ ಬಿದ್ದಿರುತ್ತಿತ್ತು. ಸೆಟ್ಟಿಗೊಮ್ಮೆ ಒಳಗೆ ಹೋಗುವುದು, ಮೂರೋ ನಾಲ್ಕೋ ಅಂಕ ತರುವುದು, ಟವೆಲ್ ಹೊದ್ದು ಕೂರುವುದು. ಬೆವರು ಬಾರದಿದ್ದರೂ ಟವೆಲ್ ಬಿಟ್ಟವನಲ್ಲ ನಾನು. ಆದರೆ ಶರಣಪ್ಪ, ಅಂಕ ತಂದದ್ದು ಬಿಸಿಲು, ಇವನೇನು ಮಾಡಿದ ಎಂದು ಎಲ್ಲರೆದುರು ಅಂದುಬಿಟ್ಟ. ಮೈಯೆಲ್ಲ ಉರಿಯಿತು. ಅವನ ಮಾತು ನಿಜವಿರಬಹುದು ಎನ್ನಿಸಿ ಇನ್ನಷ್ಟು ಉರಿಯಿತು.

ಫೈನಲ್‌ಗೆ ಮುಂಚೆ ಮುಖ್ಯ ಅತಿಥಿಗಳು ಭಾಷಣ ಎಳೆದದ್ದರಿಂದ ಕೊನೆಯ ಸೆಟ್ಟಿನ ಹೊತ್ತಿಗೆ ಹೊತ್ತು ಮುಳುಗಿತ್ತು. ನಮ್ಮ ಗೆಲುವಿಗೆ ಒಂದೇ ಅಂಕ ಬೇಕು. ಖಾದರಸಾಬರು ನನ್ನತ್ತ ಕೈ ಮಾಡಿದರು.

"ಈಗ ಬಿಸಿಲ ಎಲ್ಲೈತ್ರಿ?" ಎಂದ ಶರಣಪ್ಪ. ಖಾದರಸಾಬರು ಚೆಂಡನ್ನು ನನ್ನ ಕೈಗೆ ಎಸೆದರು.

ಹೊಡೆದೆ. ಚೆಂಡು ತಿಳಿಯಾದ ಆಕಾಶದಲ್ಲಿ ಎಲ್ಲರಿಗೂ ಕಾಣುವಂತೆ ಏರಿತು. ಎದುರಿನ ಇಬ್ಬರು ಪಳಗಿದ ಆಟಗಾರರು ಅದರ ಕೆಳಗೆ ಬಂದು ನಿಂತರು. ರಭಸದ ಚೆಂಡಾಗಿದ್ದರೆ ಅವರ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ನನ್ನದು ಅವರಿಗೆ ಯೋಚಿಸಲು ಪುರಸೊತ್ತು ಕೊಟ್ಟಿತು. ಒಬ್ಬ ಕೈ ಎತ್ತಿದ, ಜೊತೆಗಾರನನ್ನು ನೋಡಿ ಇಳಿಸಿದ. ಜೊತೆಗಾರನೂ ಹಾಗೆಯೇ ಮಾಡಿದ. ಚೆಂಡು ಇಬ್ಬರ ನಡುವೆ ಮೆತ್ತಗೆ ನೆಲಕ್ಕೆ ಬಿತ್ತು. ಆ ಅಂಕ ನನ್ನದು. ಇಷ್ಟು ವರ್ಷಗಳ ಮೇಲೂ ಹೆಮ್ಮೆಯಿಂದ ಹೇಳುತ್ತೇನೆ, ಅದು ನನ್ನದೇ.

ಸರ್ಟಿಫಿಕೇಟ್ ಬರೆಯುತ್ತಿದ್ದ ಮಾಸ್ತರರು ಯಾರು ಯಾವ ಜಾಗದಲ್ಲಿ ಆಡುವವರು ಎಂದು ಕೇಳುತ್ತ ನನ್ನ ಬಳಿ ಬಂದು ಪೆನ್ನು ನಿಲ್ಲಿಸಿದರು. ನಾನು ಬಾಯಿ ತೆರೆಯುವ ಮೊದಲೇ ಶರಣಪ್ಪ ಹೇಳಿದ:

"ಸರ್ವಿಸ್ ಅಂತ ಬರೀರಿ ಸರ. ಇವಂಗ ಅದೊಂದ ಬರತೈತಿ. ಅದು ನಮಗ ಯಾರಿಗೂ ಬರಂಗಿಲ್ಲ."

ಆ ಮಾತಿನ ಮೊದಲರ್ಧವನ್ನು ಕಾರಟಗಿಯಲ್ಲಿ ದಿನವೂ ಕೇಳುತ್ತಿದ್ದೆ. ಉಳಿದರ್ಧವನ್ನು ಕೇಳುವುದಕ್ಕಾದರೆ ಅಷ್ಟು ದೂರದ ತಾವರಗೇರಾಕ್ಕೆ ನಡೆದುಕೊಂಡಾದರೂ ಹೋಗುತ್ತಿದ್ದೆ.