ಕೆಂಪು ಪಟ್ಟಿ, ಹಳದಿ ಪಟ್ಟಿ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೊಡ್ಡಬಳ್ಳಾಪುರದ ನಮ್ಮ ಸ್ಟುಡಿಯೋಗೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಡಿಎಸ್‌ಎಲ್‌ಆರ್ ಇದೆಯಾ?" ಅದು ಡಿಜಿಟಲ್ ಕ್ಯಾಮೆರಾ ಎಂದು ಗೊತ್ತಿಲ್ಲದವರೂ ಕೇಳುತ್ತಿದ್ದರು. ರೀಲ್ ಕ್ಯಾಮೆರಾದಲ್ಲೇ ಊರಿನ ಎಷ್ಟೋ ಮದುವೆಗಳನ್ನು ತೆಗೆದಿದ್ದ ನನ್ನ ಮಾವನಿಗೆ ಮೈ ಉರಿಯುತ್ತಿತ್ತು. ನನ್ನ ಗಂಡ ಸೋಂಪುರದ ಫ್ಯಾಕ್ಟರಿಗೆ ಹೋಗುತ್ತಿದ್ದುದರಿಂದ ಸ್ಟುಡಿಯೋ ನಮ್ಮಿಬ್ಬರದೇ. ಈ ಕೆಲಸವನ್ನು ನಾನು ಮಾವನಿಂದ ಕಲಿತೆ. ಜಗಳವಾಡುವುದನ್ನು ಮಾತ್ರ ತವರಿನಿಂದಲೇ ತಂದಿದ್ದೆ.

ಒಂದು ಕ್ಯಾಮೆರಾ ತರಲೆಂದು ಬೆಂಗಳೂರಿಗೆ ಹೋದವರು ಅಂಗಡಿಯಲ್ಲೇ ಕಿತ್ತಾಡಿ ಎರಡು ತಂದೆವು. ಒಂದಕ್ಕೊಂದು ಆಗದ ಎರಡು ಕಂಪನಿಗಳ ತೀರಾ ಕಡಿಮೆ ಬೆಲೆಯ ಮಾದರಿಗಳು. ನನ್ನದರ ಕೊರಳಪಟ್ಟಿ ಕೆಂಪು, ಅವರದು ಹಳದಿ. ಮನೆಯಲ್ಲಿ ಕಂಪನಿಯ ಹೆಸರು ಯಾರೂ ಹೇಳಲಿಲ್ಲ, ಕೆಂಪು ಮತ್ತು ಹಳದಿ ಅಷ್ಟೆ.

ತಮ್ಮ ಹಳೆಯ ಲೆನ್ಸುಗಳು ಕೂರುತ್ತವೆಂದು ಮಾವ ಹಳದಿಯನ್ನು ಆರಿಸಿದ್ದರು. ಕೂರುವುದೇನೋ ಕೂತವು. ಆದರೆ ಆ ಚಿಕ್ಕ ಮಾದರಿಯಲ್ಲಿ ಹಳೆಯ ಲೆನ್ಸನ್ನು ತಿರುಗಿಸುವ ಮೋಟಾರೇ ಇರಲಿಲ್ಲ. ಅಂಗಡಿಯವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಫೋಕಸ್ ಕೈಯಲ್ಲೇ ಮಾಡಬೇಕಿತ್ತು. ಸರಿಯಾದಾಗ ಕಣ್ಣಿಡುವ ಕಿಂಡಿಯೊಳಗೆ ಹಸಿರು ಚುಕ್ಕೆಯೊಂದು ಹತ್ತಿಕೊಳ್ಳುತ್ತಿತ್ತು. ಪೊರೆ ತೆಗೆಸಿಕೊಂಡ ಕಣ್ಣಿನ ಮಾವ ಆ ಚುಕ್ಕೆಯನ್ನೇ ನಂಬಿದ್ದರು.

"ಇದು ಕೈಗೆ ಕೆಲಸ ಕೊಡ್ತದೆ ಕಣಮ್ಮ. ನಿಂದು ನಿನ್ನ ಕೇಳೋದೇ ಇಲ್ಲ" ಎಂದು ನನ್ನನ್ನು ಕೆಣಕುತ್ತಿದ್ದರು.

ನನ್ನ ಕೆಂಪಿನದು ಚುರುಕು ಅಂದರೆ ಚುರುಕು. ಬಟನ್ ಒತ್ತಿದರೆ ಮುಖ ಸಿಕ್ಕಿತೆಂದೇ ಅರ್ಥ. ಎಂಥ ಬಳಲಿದ ಮದುಮಗಳೂ ಅದರಲ್ಲಿ ಆಗಷ್ಟೇ ಎಣ್ಣೆಸ್ನಾನ ಮಾಡಿ ಬಂದವಳಂತೆ ಕಾಣುತ್ತಿದ್ದಳು. ಹಳದಿಯದು ಹಾಗೆ ಮುಖಸ್ತುತಿ ಮಾಡುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಮಾವನ ಸ್ವಭಾವವೇ ಅದಕ್ಕೂ ಇತ್ತು.

ಒಂದರ ಲೆನ್ಸು, ಫ್ಲಾಶು ಇನ್ನೊಂದಕ್ಕೆ ಆಗುವುದಿಲ್ಲ. ಎರಡನ್ನೂ ಸಾಕುವುದು ನಮ್ಮ ಕೈಲಾಗದ ಮಾತು. ಪಕ್ಕದ ಬೀದಿಯ ನೇಕಾರರೊಬ್ಬರ ಮಗಳ ಮದುವೆಯನ್ನು ಇಬ್ಬರೂ ತೆಗೆಯುವುದು, ಅವರು ಯಾರ ಫೋಟೊ ಒಪ್ಪುತ್ತಾರೋ ಆ ಕ್ಯಾಮೆರಾ ಉಳಿಸಿಕೊಳ್ಳುವುದು ಎಂದು ತೀರ್ಮಾನವಾಯಿತು.

"ನಂದು ಸೋತ್ರೆ ನಾನಿನ್ನು ಮದುವೆಗಳಿಗೆ ಬರಲ್ಲ" ಎಂದರು ಮಾವ. "ಈ ವಯಸ್ನಲ್ಲಿ ಇನ್ನೊಂದು ಕಲಿಯೋಕೆ ನನ್ನ ಕೈಲಾಗಲ್ಲ."

ಸಿಟ್ಟಿನ ಮಾತೆಂದು ನಾನು ಬಿಟ್ಟೆ.

ಆ ನೇಕಾರರು ಮಗಳ ಧಾರೆ ಸೀರೆಯನ್ನು ತಮ್ಮ ಮಗ್ಗದಲ್ಲೇ ನೇಯ್ದಿದ್ದರು, ಮಾಗಿದ ನೇರಳೆ ಹಣ್ಣಿನ ಬಣ್ಣ. ಮದುವೆ ಮುಗಿದ ವಾರಕ್ಕೆ ಫೋಟೊ ನೋಡಲು ಬಂದವರು ಜೇಬಿನಿಂದ ಉಳಿದ ನೂಲಿನ ಲಡಿಯೊಂದನ್ನು ತೆಗೆದರು. ಪ್ರಿಂಟುಗಳನ್ನು ಬಾಗಿಲಾಚೆ ಬಿಸಿಲಿಗೊಯ್ದು, ಪಕ್ಕದಲ್ಲಿ ಆ ನೂಲನ್ನಿಟ್ಟು ನೋಡಿದರು. ನನ್ನ ಫೋಟೊಗಳಲ್ಲಿ ನೇರಳೆ ಹೋಗಿ ನೀಲಿಯಾಗಿತ್ತು.

"ಇದು ನಾನು ನೇಯ್ದಿದ್ದಲ್ಲ" ಎಂದರು ಖಡಾಖಂಡಿತವಾಗಿ.

ಮಾವನ ಫೋಟೊದಲ್ಲಿ ನೂಲಿಗೂ ಸೀರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಜರಿಯ ಎಳೆ ಎಳೆಯೂ ಬಿಡಿಬಿಡಿಯಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಆ ಕಣ್ಣಿಟ್ಟುಕೊಂಡು ಅವರು ಅದನ್ನು ತೆಗೆದಿದ್ದರು!

ಜೊತೆಗೆ ಬಂದಿದ್ದ ನೇಕಾರರ ಹೆಂಡತಿ ನನ್ನದೊಂದು ಫೋಟೊ ಎತ್ತಿಕೊಂಡರು. ಧಾರೆಯ ಹಾಲು ಬೀಳುತ್ತಿದೆ, ಹುಡುಗಿ ಮಾತ್ರ ಪಕ್ಕಕ್ಕೆ ತಿರುಗಿ ಬಾಯ್ತುಂಬಾ ನಗುತ್ತಿದ್ದಾಳೆ. ಧಾರೆಯ ಹೊತ್ತಿನಲ್ಲಿ ಹಾಗೆ ನಕ್ಕವಳನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

"ಸೀರೆ ಇನ್ನೊಂದು ನೇಯ್ಬೋದು ಕಣ್ರೀ" ಎಂದರು ಗಂಡನಿಗೆ. "ಮಗಳು ಹಿಂಗೆ ನಗೋದನ್ನ ಎಲ್ಲಿಂದ ತರ್ತೀರ?"

ನೇಕಾರರು ಲಡಿಯನ್ನು ಜೇಬಿಗೆ ಹಾಕಿಕೊಂಡು ನನ್ನ ಫೋಟೊಗಳನ್ನೇ ಒಪ್ಪಿದರು.

ಅವರು ಹೋದ ಮೇಲೆ ಮಾವ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. "ಒಳ್ಳೆ ಫೋಟೊ ಕಣಮ್ಮ" ಎಂದು ಮನಸಾರೆ ಹೇಳಿದರು. ಆಮೇಲೆ ಹಳದಿಯ ಬ್ಯಾಟರಿ ಬಿಚ್ಚಿ, ಕ್ಯಾಮೆರಾವನ್ನು ಡಬ್ಬಕ್ಕೆ ಹಾಕಿದರು. ಎಷ್ಟು ಹೇಳಿದರೂ ಮುಂದಿನ ಮದುವೆಗೆ ಹೊರಡಲಿಲ್ಲ.

ದೇವನಹಳ್ಳಿ ರಸ್ತೆಯ ಹೊಸ ಕಲ್ಯಾಣ ಮಂಟಪಕ್ಕೆ ನಾನೊಬ್ಬಳೇ ಹೋದೆ. ಬೇಕಾದಷ್ಟು ಬೆಳಕಿತ್ತು, ಕೆಂಪಿನದು ತನ್ನ ಕೆಲಸ ಚಾಚೂತಪ್ಪದೆ ಮಾಡಿತು. ಧಾರೆಗೆ ಕೂತ ಹುಡುಗಿಯ ಮುಖ ಮಾತ್ರ ಬಿಗಿದುಕೊಂಡೇ ಇತ್ತು. "ಸ್ವಲ್ಪ ನಗಮ್ಮ" ಎಂದೆ. ಹಲ್ಲು ತೋರಿಸಿದಳು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಹಲ್ಲು ತೋರಿಸಿದಳು.

ಆಗ ಹೊಳೆಯಿತು. ನೇಕಾರರ ಮಗಳು ಪಕ್ಕಕ್ಕೆ ತಿರುಗಿ ನೋಡುತ್ತಿದ್ದುದು ಮಾವನನ್ನು. ಅವತ್ತು ಮಂಟಪದ ಆ ತುದಿಯಲ್ಲಿ ನಿಂತು ಲೆನ್ಸು ತಿರುಗಿಸುತ್ತಾ, ಹಸಿರು ಚುಕ್ಕೆ ಬಾರದ್ದಕ್ಕೆ ರೇಗಿ, ಎಲ್ಲರಿಗೂ ಕೇಳುವಂತೆ ಅವರು ಕ್ಯಾಮೆರಾವನ್ನು ಬೈಯುತ್ತಿದ್ದರು: "ನೀನು ಹತ್ಕೊಳ್ಳೋಷ್ಟರಲ್ಲಿ ಈ ಹುಡುಗೀಗೆ ಮಗೂನೇ ಆಗೋಗ್ತದೆ ಕಣೋ!" ಆ ಗಲಾಟೆಯಲ್ಲಿ ನಾನು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ನಗಿಸಿದವರು ಅವರು, ಬಟನ್ ಒತ್ತಿದವಳಷ್ಟೇ ನಾನು.

ಮದುವೆ ಊಟ ಬಿಟ್ಟು ಮನೆಗೆ ಬಂದೆ. ಡಬ್ಬ ತೆಗೆದು, ಹಳದಿಗೆ ಬ್ಯಾಟರಿ ಹಾಕಿ, ಪೇಪರ್ ಓದುತ್ತಿದ್ದ ಮಾವನ ಕೊರಳಿಗೆ ಹಾಕಿಬಿಟ್ಟೆ.

"ಏನಮ್ಮಾ ಇದು?"

"ನಾಡಿದ್ದು ಮದುವೆ ಇದೆ, ಎದ್ದು ಲೆನ್ಸ್ ಒರೆಸ್ಕೊಳ್ಳಿ ಮಾವ" ಎಂದೆ. "ನೀವಿಲ್ದಿದ್ರೆ ಯಾರೂ ನಗಲ್ಲ."