ಒಂಬತ್ತು ಬಸುರಿಗೆ ಒಂದೇ ಫೋನು

ನಮ್ಮ ಚುವಾಪೆಕ್ ಊರಿನ ಅರ್ಧ ಜನ ಹುಟ್ಟುತ್ತಲೇ ಕಂಡ ಮುಖ ಸೂಲಗಿತ್ತಿ ನಿಕೊಲಾಸಾಳದು. ಗ್ವಾಟೆಮಾಲಾದ ಈ ಗುಡ್ಡದಿಂದ ಕೆಳಗಿನ ಆರೋಗ್ಯ ಕೇಂದ್ರಕ್ಕೆ ಎರಡು ಗಂಟೆ ನಡಿಗೆ. ಬಸುರಿಯರಿಗೆ ಚುಚ್ಚುಮದ್ದಿನ ದಿನವನ್ನು ಫೋನಿನಲ್ಲೇ ನೆನಪಿಸುತ್ತೇವೆ, ನಂಬರು ಕೊಡಿ ಎಂದು ಅಲ್ಲಿಯ ನರ್ಸ್ ಓದಿಲಿಯಾ ಕೇಳಿದಾಗ ಹೆಂಗಸರು ಮುಖ ಮುಖ ನೋಡಿಕೊಂಡರು. ಫೋನು ಗಂಡಂದಿರ ಜೇಬಿನಲ್ಲಿ, ಗಂಡಂದಿರು ಕರಾವಳಿಯ ಕಬ್ಬಿನ ತೋಟದಲ್ಲಿ.

"ನನ್ನದೇ ಬರ್ಕೊಳಮ್ಮ," ಅಂದಳು ನಿಕೊಲಾಸಾ. "ಹೊಟ್ಟೆ ಅವರದಾದ್ರೂ ಕಾಯೋಳು ನಾನೇ ತಾನೆ?"

ಒಂಬತ್ತು ಬಸುರಿಯರಿಗೂ ಅದೇ ನಂಬರು ಬಿತ್ತು.

ಮೊದಲ ಸಂದೇಶ ಬಂತು: ಅಮ್ಮಾ, ನಾಳೆ ನಿಮ್ಮ ಚುಚ್ಚುಮದ್ದು. ಹೆಸರಿಲ್ಲ. ಬಸುರಿನ ಗುಟ್ಟು ಪರರ ಕಣ್ಣಿಗೆ ಬೀಳಬಾರದೆಂದು ಪಟ್ಟಣದ ದೊಡ್ಡವರು ಹೆಸರನ್ನೇ ಬಿಟ್ಟಿದ್ದರು. ನಿಕೊಲಾಸಾ ಬೆರಳು ಮಡಚಿ ತಿಂಗಳು ಎಣಿಸಿ, ಇದು ಬ್ರಿಗೀದಾಳದೇ ಎಂದುಕೊಂಡಳು.

ಚೊಚ್ಚಲ ಬಸುರಿ ಬ್ರಿಗೀದಾ ಗುಡ್ಡ ಇಳಿದು ಹೋದಳು. ಓದಿಲಿಯಾ ಪುಸ್ತಕ ತಿರುವಿ, "ನಿಂದು ಮುಂದಿನ ತಿಂಗಳು ಕಣೇ, ಇವತ್ತು ಬೇರೆಯವಳದು," ಎಂದು ವಾಪಸು ಕಳಿಸಿದಳು. ಬಾತ ಕಾಲೆಳೆದುಕೊಂಡು ಮನೆ ಸೇರಿದ ಸೊಸೆಯನ್ನು ನೋಡಿ, ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದ ಅತ್ತೆ ಮಾಕ್ಸಿಮಾ ನಕ್ಕಳು: "ಏನೇ, ಫೋನಿಗೂ ಬಸುರಿನ ಲೆಕ್ಕ ತಪ್ಪಿತಾ?"

ಮುಂದಿನ ತಿಂಗಳು ಸರದಿಯಿದ್ದವರು ಮೂವರು. ಸಂದೇಶ ಬಂದದ್ದೇ ನಿಕೊಲಾಸಾ ಬ್ರಿಗೀದಾಳ ಮನೆಗೆ ಓಡಿದಳು.

"ಈ ಸಲ ನಿಂದೇ ಇರ್ಬೇಕು ಮಗಳೇ. ಬೆಳಿಗ್ಗೆ ಹೊರಡು."

ಮಾಕ್ಸಿಮಾ ಸೊಂಟಕ್ಕೆ ಕೈಯಿಟ್ಟಳು. "ಹೋದ ಸಲಾನೂ ಹಿಂಗೇ ಅಂದ್ಯಲ್ಲ. ನಿನ್ನ ಡಬ್ಬ ಕುಂಯ್ ಅಂದಾಗೆಲ್ಲ ನನ್ನ ಸೊಸೆ ಗುಡ್ಡ ಇಳೀಬೇಕಾ?"

ಬ್ರಿಗೀದಾ ಸೂಲಗಿತ್ತಿಯ ಮುಖ ನೋಡಿದಳು. "ನೀವೇ ಹೇಳಿ ಅಜ್ಜಿ, ಹೋಗ್ಲೇಬೇಕಾ?"

ಆಣೆಯಿಟ್ಟು ಹೇಳಲು ನಿಕೊಲಾಸಾಳಿಗೆ ಬಾಯಿ ಬರಲಿಲ್ಲ. "ಹೋದ್ರೆ ಒಳ್ಳೇದು," ಅಂದಳು, ಅಷ್ಟೇ. ಬ್ರಿಗೀದಾ ಹೋಗಲಿಲ್ಲ. ಆ ಸಂದೇಶ ಅವಳದೇ ಆಗಿತ್ತು.

ಹೆಣ್ಣು ಕೂಸು ಹುಟ್ಟಿತು. ಆರನೇ ವಾರಕ್ಕೆ ನಾಯಿಕೆಮ್ಮು, ತಾಯಿಗೆ ತಪ್ಪಿದ ಆ ಚುಚ್ಚುಮದ್ದು ತಡೆಯಬೇಕಿದ್ದ ಅದೇ ಕೆಮ್ಮು. ಕೆಮ್ಮಿ ಕೆಮ್ಮಿ ನೀಲಿಗಟ್ಟಿ, ಗುಡ್ಡ ಇಳಿಯುವ ದಾರಿಯಲ್ಲೇ ತಾಯಿಯ ಬೆನ್ನ ಮೇಲೆ ತಣ್ಣಗಾಯಿತು.

ಪಟ್ಟಣದಿಂದ ವಿಚಾರಣೆಗೆ ಅಧಿಕಾರಿ ಬಂದ.

"ಸಂದೇಶ ತಲುಪಿತ್ತಾ?"

"ತಲುಪಿತ್ತು ಸ್ವಾಮಿ. ಯಾರದು ಅಂತ ಬರೆದಿರಲಿಲ್ಲ."

"ಕೇಳಿದ್ದಕ್ಕಷ್ಟೇ ಹೇಳಮ್ಮ. ತಲುಪಿತ್ತು ತಾನೆ?"

ತಲುಪಿತ್ತು ಎಂದು ಬರೆದು, ನಿಕೊಲಾಸಾಳ ಸಹಿ ಹಾಕಿಸಿಕೊಂಡು ಜೀಪು ಹತ್ತಿದ.

ಕೂಸು ಸತ್ತ ಒಂಬತ್ತನೇ ದಿನದ ಪ್ರಾರ್ಥನೆಗೆ ನಿಕೊಲಾಸಾ ಬ್ರಿಗೀದಾಳ ಮನೆಗೆ ಹೋದಳು. ಸಾವಿನ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಮಾಕ್ಸಿಮಾ ಕಾಫಿ ತಂದಿಟ್ಟು, ಹೋಗಿ ಒಲೆ ಊದುತ್ತ ಕೂತಳು.

"ಅಜ್ಜಿ," ಅಂದಳು ಬ್ರಿಗೀದಾ, "ಆವತ್ತು ನೀವು ಬೈದಾದ್ರೂ ನನ್ನ ಎಳ್ಕೊಂಡು ಹೋಗ್ಬೇಕಿತ್ತು."

ಒಲೆ ಉರಿಯುತ್ತಿತ್ತು. ಆದರೂ ಮಾಕ್ಸಿಮಾ ಊದುವುದನ್ನು ನಿಲ್ಲಿಸಲಿಲ್ಲ.

"ಹೌದು ಮಗಳೇ," ಅಂದಳು ನಿಕೊಲಾಸಾ.